ಗ್ರಾಫೀನ್ ಹೊದ್ದ ತಾಮ್ರಕ್ಕೂ ಕಿಲುಬು ಹಿಡಿದರೆ: ದೋಷ ಹುಡುಕುವ ಕೈಪಿಡಿ

ಬಿಸಿ ಅನಿಲದಿಂದ ಲೋಹದ ಮೇಲೆ ಗ್ರಾಫೀನ್ ಬೆಳೆಸುವ ಸಿವಿಡಿ ಫರ್ನೇಸ್‌ನಿಂದ ತೆಗೆದಾಗ ತಾಮ್ರದ ಫಾಯಿಲ್ ಫಳಫಳ ಹೊಳೆಯುತ್ತಿರುತ್ತದೆ. ರಾಮನ್ ಸ್ಪೆಕ್ಟ್ರಮ್ (ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನಿಂದ ವಸ್ತುವನ್ನು ಗುರುತಿಸುವ ಗ್ರಾಫ್) ನೋಡಿದರೆ ಒಂದೇ ಪದರ ಗ್ರಾಫೀನ್, ಅದೂ ಒಳ್ಳೆಯ ಗುಣಮಟ್ಟದ್ದು. ಮೊದಲ ವಾರದ ಪರೀಕ್ಷೆಯಲ್ಲಿ ಬರಿ ತಾಮ್ರಕ್ಕಿಂತ ಎಷ್ಟೋ ಚೆನ್ನಾಗಿ ನಿಲ್ಲುತ್ತದೆ. ಕೆಲವು ತಿಂಗಳು ಬಿಟ್ಟು ಅದೇ ಸ್ಯಾಂಪಲ್ ತೆಗೆದರೆ, ಪಕ್ಕದಲ್ಲಿಟ್ಟ ಬರಿ ತಾಮ್ರಕ್ಕಿಂತ ಇದಕ್ಕೇ ಜಾಸ್ತಿ ಕಿಲುಬು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇದನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಆ ಕಿಲುಬಿನ ಮೂಲ ಹುಡುಕುವುದು ಹೇಗೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಗ್ರಾಫೀನ್ ಅಂದರೆ ಇಂಗಾಲದ ಒಂದು ಪರಮಾಣು ದಪ್ಪದ ಹಾಳೆ. ದಪ್ಪ ಸುಮಾರು 0.34 ನ್ಯಾನೊಮೀಟರ್. ತೂತಿಲ್ಲದ ಹಾಳೆಯ ಮೂಲಕ ಹೀಲಿಯಂ ಅನಿಲ ಕೂಡ ದಾಟುವುದಿಲ್ಲ ಎಂದು 2008ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದರು. ಹೀಲಿಯಂ ದಾಟದಿದ್ದರೆ ಆಕ್ಸಿಜನ್ ದಾಟುತ್ತದೆಯೇ? ಇಷ್ಟು ತೆಳುವಾದ, ಲೋಹದ ಬಣ್ಣವನ್ನೂ ಮುಚ್ಚದ ರಕ್ಷಾಲೇಪ ಸಿಕ್ಕಿತು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. 2011ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಗ್ರಾಫೀನ್ ಬೆಳೆಸಿದ ತಾಮ್ರವನ್ನು ಗಾಳಿಯಲ್ಲಿ 200 ಡಿಗ್ರಿಗೆ 4 ಗಂಟೆಯವರೆಗೆ ಕಾಯಿಸಿತು. ತಾಮ್ರ ಹಾಗೇ ಉಳಿಯಿತು. 2012ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ಅಳೆದರು. ಗ್ರಾಫೀನ್ ಹೊದ್ದ ತಾಮ್ರ 7 ಪಟ್ಟು ನಿಧಾನವಾಗಿ, ನಿಕ್ಕಲ್ 20 ಪಟ್ಟು ನಿಧಾನವಾಗಿ ಸವೆಯಿತು.

2013ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಇದಕ್ಕೆ ತದ್ವಿರುದ್ಧವಾದ ಫಲಿತಾಂಶ ಕೊಟ್ಟಿತು. ಸ್ವಲ್ಪ ಹೊತ್ತಿನ ಮಟ್ಟಿಗೆ ಗ್ರಾಫೀನ್ ಕಾಪಾಡುತ್ತದೆ. ದೀರ್ಘಕಾಲ ಬಿಟ್ಟರೆ ಬರಿ ತಾಮ್ರಕ್ಕಿಂತ ಹೆಚ್ಚು ಸವೆತ ತರುತ್ತದೆ.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಬೇರೆ ಬೇರೆ ಅವಧಿಯಲ್ಲಿ ಅಳೆದಿದ್ದಾರೆ, ಅಷ್ಟೇ. ಹಾಗಾಗಿ "ಲೇಪ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸವೆತ ಎಲ್ಲಿಂದ ಶುರುವಾಯಿತು? ಶುರುವಾದ ಮೇಲೆ ಅಲ್ಲೇ ನಿಂತಿತೇ, ಹರಡಿತೇ? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ಕಾರಣ ತಾನಾಗಿ ಸಿಗುತ್ತದೆ.

ಕಲೆಯ ಆಕಾರ ಏನು ಹೇಳುತ್ತದೆ

ದುಬಾರಿ ಉಪಕರಣದ ಕಡೆ ಓಡುವ ಮೊದಲು ಮಾಮೂಲಿ ಆಪ್ಟಿಕಲ್ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಬಹಳ ಜನ ಈ ಹಂತವನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಇದೆ.

ಕಲೆ ಬರೀ ಅಂಚಿನಲ್ಲಿದೆಯೇ? ಹಾಗಾದರೆ ಲೇಪವನ್ನು ಬೈಯಬೇಡಿ. ಫಾಯಿಲ್ ಅನ್ನು ಕತ್ತರಿಯಲ್ಲಿ ಕತ್ತರಿಸಿದ ಕಡೆ ಗ್ರಾಫೀನ್ ಹರಿದಿರುತ್ತದೆ, ಒಳಗಿನ ತಾಮ್ರ ಬಯಲಾಗಿರುತ್ತದೆ. ಹಿಡಿದ ಚಿಮುಟದ ಗುರುತಿನ ಸುತ್ತ ಇದ್ದರೂ ಅದೇ ಕಥೆ. ಬೆರಳಿನ ರೇಖೆಗಳ ಆಕಾರದಲ್ಲೇ ಕಲೆ ಮೂಡಿದ್ದರೆ ಬೆವರಿನ ಉಪ್ಪು ಕೆಲಸ ಮಾಡಿದೆ. ಇವು ಕೈಯ ತಪ್ಪುಗಳು. ಗ್ಲೌಸ್ ಹಾಕಿ, ಅಂಚು ಬಿಟ್ಟು ಮಧ್ಯಭಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿಡಿಬಿಡಿ ಚುಕ್ಕೆಗಳಿದ್ದರೆ ಅಲ್ಲಿ ಸಣ್ಣ ತೂತುಗಳಿವೆ. ತೂತಿನ ನಡುವೆ ಬಿಳಿ ಕಣ ಕಂಡರೆ ಅದು ಹೆಚ್ಚಾಗಿ ಕ್ವಾರ್ಟ್ಜ್ ಕೊಳವೆಯಿಂದ ಬಂದ ಸಿಲಿಕಾ. ಕೊಳವೆ ಹಳತಾಗಿದೆ, ತೊಳೆಯಬೇಕು ಅಥವಾ ಬದಲಿಸಬೇಕು. ತೂತುಗಳು ಷಟ್ಕೋನದ ಆಕಾರದಲ್ಲಿದ್ದರೆ ಕಥೆ ಬೇರೆ. ಬೆಳೆದ ಗ್ರಾಫೀನ್ ಅನ್ನು ಫರ್ನೇಸ್ ಒಳಗಿನ ಅನಿಲವೇ ತಿಂದಿದೆ ಎಂದರ್ಥ. ಹೈಡ್ರೋಜನ್ ಜೊತೆ ಚೂರು ಆಕ್ಸಿಜನ್ ಸೇರಿದರೂ ಸಾಕು, ಬಿಸಿಯಲ್ಲಿ ಹೀಗಾಗುತ್ತದೆ. ಪೈಪಿನ ಜೋಡಣೆಗಳಲ್ಲಿ ಲೀಕ್ ಹುಡುಕಿ. ತಣಿಯುವಾಗ ಮೀಥೇನ್ ಬೇಗ ನಿಲ್ಲಿಸುತ್ತಿದ್ದೀರಾ ಎಂದೂ ನೋಡಿ.

ಗೆರೆಗಳಿದ್ದರೆ ಅವುಗಳ ನಡೆ ಗಮನಿಸಿ. ಒಂದೇ ದಿಕ್ಕಿಗೆ ಓಡುವ ನೇರ ಗೆರೆಗಳು ಫಾಯಿಲ್ ಅನ್ನು ರೋಲ್ ಮಾಡುವಾಗ ಬಿದ್ದ ಗೀರುಗಳು. ಆ ಗೀರುಗಳ ಮೇಲೆ ಗ್ರಾಫೀನ್ ಸರಿಯಾಗಿ ಬೆಳೆಯುವುದಿಲ್ಲ. ಬೆಳೆಸುವ ಮೊದಲು ಫಾಸ್ಫಾರಿಕ್ ಆಮ್ಲದಲ್ಲಿ ಎಲೆಕ್ಟ್ರೋಪಾಲಿಶ್ (ವಿದ್ಯುತ್ ಹರಿಸಿ ಮೇಲ್ಮೈ ನಯಗೊಳಿಸುವುದು) ಮಾಡಿದರೆ ಬಹುಪಾಲು ಹೋಗುತ್ತವೆ. ಕವಲೊಡೆದು ಬಲೆಯಂತೆ ಹಬ್ಬಿದ ಸಣ್ಣ ಗೆರೆಗಳು ಗ್ರಾಫೀನ್ ಹರಳುಗಳು ಒಂದಕ್ಕೊಂದು ಸೇರುವ ಗಡಿಗಳು. ಇನ್ನು ಕೆಲವು ಗೆರೆಗಳು ಸುಕ್ಕುಗಳು. ಸುಮಾರು 1000 ಡಿಗ್ರಿಯಿಂದ ತಣಿಯುವಾಗ ತಾಮ್ರ ಕುಗ್ಗುತ್ತದೆ, ಗ್ರಾಫೀನ್ ಅದರ ಜೊತೆ ಕುಗ್ಗುವುದಿಲ್ಲ. ಹೆಚ್ಚಾದ ಹಾಳೆ ಎದ್ದು ಮಡಚಿಕೊಳ್ಳುತ್ತದೆ. ಆ ಮಡಿಕೆಯ ಕೆಳಗೆ ನೀರು ಹರಿಯಲು ಕಾಲುವೆ ಸಿಕ್ಕಂತಾಯಿತು.

ಇಲ್ಲೊಂದು ಎಚ್ಚರ. ಹೆಂಚಿನ ಮನೆಯಲ್ಲಿ ಹೆಂಚು ಒಡೆದ ಜಾಗ ಒಂದು, ನೀರು ತೊಟ್ಟಿಕ್ಕುವ ಜಾಗ ಇನ್ನೊಂದು, ಅಲ್ವಾ? ಸುಕ್ಕಿನ ವಿಷಯದಲ್ಲೂ ಹಾಗೇ. ಕಲೆ ದಟ್ಟವಾಗಿರುವ ಕಡೆಯೇ ತೂತಿದೆ ಎಂದು ತೀರ್ಮಾನಿಸಬೇಡಿ. ಸುಕ್ಕಿನ ಗೆರೆ ಹಿಡಿದು ಹಿಂದಕ್ಕೆ ಹೋಗಿ, ಅದು ಯಾವ ತೂತಿಗೆ, ಯಾವ ಅಂಚಿಗೆ ಮುಟ್ಟುತ್ತದೆ ನೋಡಿ.

ಕೊನೆಯದು ತುಂಬ ಕುತೂಹಲದ್ದು. ತಾಮ್ರದ ಒಂದು ಹರಳು ಪೂರ್ತಿ ಕಂದಾಗಿದೆ, ಪಕ್ಕದ ಹರಳು ಹೊಳೆಯುತ್ತಲೇ ಇದೆ. ನಡುವೆ ಗೆರೆ ಕೊಯ್ದಂತೆ ನೇರ. ಮೇಲಿನ ಗ್ರಾಫೀನ್ ಎರಡೂ ಕಡೆ ಒಂದೇ. ಹಾಗಾದರೆ ವ್ಯತ್ಯಾಸ ಕೆಳಗಿದೆ. ತಾಮ್ರದ ಹರಳು ಯಾವ ಮುಖವನ್ನು ಮೇಲೆ ಮಾಡಿ ಕೂತಿದೆ ಎಂಬುದು ಇಲ್ಲಿ ಮುಖ್ಯ. 2018ರಲ್ಲಿ ಬೀಜಿಂಗ್‌ನ ಪೀಕಿಂಗ್ ವಿಶ್ವವಿದ್ಯಾಲಯದ ನೇತೃತ್ವದ ತಂಡ ಇದನ್ನು ಚೆನ್ನಾಗಿ ಬಿಡಿಸಿ ಹೇಳಿತು. 111 ಎಂಬ ಮುಖದ ಮೇಲೆ (ಈ ಅಂಕಿಗಳು ಹರಳಿನ ಮುಖಗಳ ಹೆಸರು) ಗ್ರಾಫೀನ್ ಜಾಲ ತಾಮ್ರದ ಜಾಲಕ್ಕೆ ಹೊಂದಿ ಬಿಗಿಯಾಗಿ ಕೂರುತ್ತದೆ, ನೀರು ನಡುವೆ ನುಗ್ಗುವುದಿಲ್ಲ. ತೇವದ ಗಾಳಿಯಲ್ಲಿ ಎರಡೂವರೆ ವರ್ಷಕ್ಕೂ ಮೀರಿ ಅದು ಉಳಿಯಿತು. 100 ಮುಖದ ಮೇಲೆ ಹೊಂದಿಕೆ ಇಲ್ಲ, ಸುಕ್ಕು ಜಾಸ್ತಿ, ನೀರು ನುಗ್ಗುತ್ತದೆ. ನಿಮ್ಮ ಸ್ಯಾಂಪಲ್‌ನಲ್ಲಿ ಈ ಹರಳು ಹರಳಿನ ವ್ಯತ್ಯಾಸ ಕಂಡರೆ ಇಬಿಎಸ್‌ಡಿ (ಎಲೆಕ್ಟ್ರಾನ್ ಕಿರಣದಿಂದ ಹರಳಿನ ದಿಕ್ಕು ಗುರುತಿಸುವ ಪರೀಕ್ಷೆ) ಮಾಡಿಸಿ ಮುಖಗಳನ್ನು ಖಚಿತಪಡಿಸಿಕೊಳ್ಳಿ. ಗ್ರಾಫೀನ್ ಪಾಕವನ್ನು ಎಷ್ಟು ತಿದ್ದಿದರೂ ಈ ದೋಷ ಹೋಗುವುದಿಲ್ಲ. ತಾಮ್ರವನ್ನೇ ಬದಲಿಸಬೇಕು.

ಬಿಸಿ ತಟ್ಟೆಯ ಪರೀಕ್ಷೆ

ಕಲೆ ಇನ್ನೂ ಮೂಡದ ಹೊಸ ಸ್ಯಾಂಪಲ್‌ನಲ್ಲಿ ತೂತು ಹುಡುಕುವುದು ಹೇಗೆ? ಅಂಚಿನಿಂದ ಒಂದು ಚೂರು ಕತ್ತರಿಸಿ, ಹಾಟ್ ಪ್ಲೇಟ್ ಮೇಲೆ ಗಾಳಿಯಲ್ಲಿ 180ರಿಂದ 200 ಡಿಗ್ರಿಗೆ ಕೆಲವು ನಿಮಿಷ ಇಡಿ. ಜೊತೆಗೆ ಬರಿ ತಾಮ್ರದ ಚೂರೊಂದನ್ನೂ ಇಡಿ. ಬಯಲಾದ ತಾಮ್ರ ಕೆಂಪಗಾಗುತ್ತದೆ, ಮುಚ್ಚಿದ ಜಾಗ ಹೊಳೆಯುತ್ತಲೇ ಇರುತ್ತದೆ. ಮೈಕ್ರೋಸ್ಕೋಪಿನಲ್ಲಿ ತೂತು, ಗೀರು, ಬೆಳೆಯದೆ ಬಿಟ್ಟ ಜಾಗ ಎಲ್ಲ ನಕ್ಷೆಯಂತೆ ಕಾಣುತ್ತವೆ. 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿ ಎರಡು ನಿಮಿಷ ಬಿಡುವ ವಿಧಾನವೂ ಇದೆ. ಅದು ಚರ್ಮ ಸುಡುವ ದ್ರಾವಣ, ಗ್ಲೌಸ್ ಮತ್ತು ಕನ್ನಡಕ ಬೇಕೇ ಬೇಕು.

ಇಷ್ಟು ಅಗ್ಗದ ಪರೀಕ್ಷೆಯನ್ನು ಪ್ರತಿ ಬ್ಯಾಚಿಗೂ ಮಾಡಬೇಕು ಎಂದೇ ನನ್ನ ಒತ್ತಾಯ. ಆದರೆ ಇದು ಪಾಸಾದರೆ ಲೇಪ ವರ್ಷಗಟ್ಟಲೆ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಒಣ ಬಿಸಿಯಲ್ಲಿ ನೀರಿಲ್ಲ. ನೀರಿಲ್ಲದಿದ್ದರೆ ಮುಂದೆ ಹೇಳುವ ವಿದ್ಯುತ್ತಿನ ಆಟ ನಡೆಯುವುದಿಲ್ಲ.

ರಾಮನ್‌ನಲ್ಲಿ ಏನು ಓದಬೇಕು

ಕಲೆಯ ಮೇಲೊಂದು, ಹೊಳೆಯುವ ಜಾಗದಲ್ಲೊಂದು, ಎರಡರ ಗಡಿಯಲ್ಲೊಂದು ಸ್ಪೆಕ್ಟ್ರಮ್ ತೆಗೆಯಿರಿ. ಒಂದೇ ಜಾಗದ ಸ್ಪೆಕ್ಟ್ರಮ್‌ನಿಂದ ಏನೂ ತಿಳಿಯುವುದಿಲ್ಲ. ಗ್ರಾಫಿನ ಅಡ್ಡ ಅಕ್ಷದಲ್ಲಿ (ಪ್ರತಿ ಸೆಂಟಿಮೀಟರಿಗೆ ಅಲೆಗಳ ಲೆಕ್ಕ) 1580ರ ಹತ್ತಿರ ಜಿ ಎಂಬ ಶಿಖರ, 2700ರ ಹತ್ತಿರ 2ಡಿ, 1350ರ ಹತ್ತಿರ ಡಿ. ಡಿ ಎದ್ದರೆ ಹಾಳೆಯಲ್ಲಿ ದೋಷ ಇದೆ. 218ರ ಹತ್ತಿರ ಶಿಖರ ಇದ್ದರೆ ಅದು ಕೆಂಪು ಕ್ಯುಪ್ರಸ್ ಆಕ್ಸೈಡ್. 298ರ ಹತ್ತಿರ ಇದ್ದರೆ ಕಪ್ಪು ಕ್ಯುಪ್ರಿಕ್ ಆಕ್ಸೈಡ್.

ಈಗ ಜೋಡಿಸಿ ಓದಿ. ಕಲೆಯ ಜಾಗದಲ್ಲಿ ಜಿ ಕೂಡ ಇಲ್ಲ ಅಂದರೆ ಅಲ್ಲಿ ಗ್ರಾಫೀನೇ ಇಲ್ಲ. ಜಿ ಇದೆ, ಡಿ ದೊಡ್ಡದಾಗಿದೆ, ಆಕ್ಸೈಡೂ ಇದೆ ಅಂದರೆ ಅಲ್ಲೇ ಹಾಳೆ ಹರಿದಿದೆ. ಜಿ ಮತ್ತು 2ಡಿ ಸೊಗಸಾಗಿವೆ, ಡಿ ಇಲ್ಲವೇ ಇಲ್ಲ, ಆದರೂ ಕೆಳಗೆ ಆಕ್ಸೈಡ್ ಇದೆ ಅಂದರೆ? ಹಾಳೆ ಗಟ್ಟಿಯಾಗಿದೆ. ನೀರು ಬೇರೆ ಕಡೆಯಿಂದ ಒಳಗೆ ಬಂದು ಅಡಿಯಲ್ಲಿ ಹಬ್ಬಿದೆ. ಈ ಮೂರನೆಯ ಸಂದರ್ಭವನ್ನು ಗುರುತಿಸದೆ "ಗ್ರಾಫೀನ್ ಒಳ್ಳೆಯದಿದೆ, ದೋಷ ಬೇರೆಲ್ಲೋ" ಎಂದು ಬರೆದುಬಿಡುವವರು ಬಹಳ.

ಆಕ್ಸೈಡ್ ಆದಾಗ ಗಾತ್ರ ಹಿಗ್ಗುತ್ತದೆ ಎಂಬುದನ್ನೂ ನೆನಪಿಡಿ. ತಾಮ್ರ ಕ್ಯುಪ್ರಸ್ ಆಕ್ಸೈಡ್ ಆದರೆ ಸುಮಾರು 1.6 ಪಟ್ಟು ಜಾಗ ಬೇಕು. ಹೀಗೆ ಉಬ್ಬಿದ ಆಕ್ಸೈಡ್ ಮೇಲಿನ ಹಾಳೆಯನ್ನು ಎತ್ತಿ ಹರಿಯುತ್ತದೆ. ಹಳೆಯ ಕಲೆಯಲ್ಲಿ ಕಾಣುವ ಡಿ ಶಿಖರ ಕಾರಣವೋ ಪರಿಣಾಮವೋ ಎಂದು ಹೇಳಲಾಗುವುದಿಲ್ಲ. ಅದಕ್ಕೇ ಕಲೆಯ ಅಂಚನ್ನು, ಅಂದರೆ ಈಗಷ್ಟೇ ಹಬ್ಬುತ್ತಿರುವ ಜಾಗವನ್ನು, ಹೆಚ್ಚು ನೋಡಬೇಕು.

ಇನ್ನೆರಡು ಮಾತು. ಲೇಸರ್ ಶಕ್ತಿ ಕಡಿಮೆ ಇಡಿ. ಜಾಸ್ತಿಯಾದರೆ ಲೇಸರೇ ತಾಮ್ರವನ್ನು ಸುಟ್ಟು ಆಕ್ಸೈಡ್ ಮಾಡುತ್ತದೆ. ಷಟ್ಕೋನ ಬೋರಾನ್ ನೈಟ್ರೈಡ್ (ಗ್ರಾಫೀನ್‌ನಂಥದ್ದೇ ತೆಳು ಹಾಳೆಯ, ವಿದ್ಯುತ್ ಹರಿಸದ ವಸ್ತು) ಲೇಪದ ಮೇಲೆ ಕೆಲಸ ಮಾಡುವವರಿಗೆ: ಅದರ ಶಿಖರ 1366ರ ಹತ್ತಿರ ಬರುತ್ತದೆ, ಗ್ರಾಫೀನ್‌ನ ಡಿ ಪಕ್ಕದಲ್ಲೇ. ಇಂಗಾಲದ ಕೊಳೆ ಇದ್ದರೆ ಎರಡೂ ಬೆರೆತುಹೋಗುತ್ತವೆ.

ಎಲೆಕ್ಟ್ರೋಕೆಮಿಕಲ್ ಅಂಕಿ ಹೇಗೆ ಮೋಸ ಮಾಡುತ್ತದೆ

ಟಾಫೆಲ್ ಗ್ರಾಫ್ (ವೋಲ್ಟೇಜ್ ಬದಲಿಸುತ್ತ ಸವೆತದ ಕರೆಂಟ್ ಅಳೆಯುವುದು) ತೆಗೆದು, ಕರೆಂಟ್ ಕಡಿಮೆ ಬಂತು ಎಂದು ಖುಷಿಪಡುವ ಮೊದಲು ಕೆಲವು ವಿಷಯ ಖಾತ್ರಿ ಮಾಡಿಕೊಳ್ಳಿ.

ಫಾಯಿಲ್‌ನ ಹಿಂಭಾಗ ಮತ್ತು ಅಂಚು ಪೂರ್ತಿ ಮುಚ್ಚಿದೆಯೇ? ಮುಚ್ಚದಿದ್ದರೆ ನೀವು ಅಳೆಯುತ್ತಿರುವುದು ಬರಿ ತಾಮ್ರವನ್ನು. ಓಪನ್ ಸರ್ಕ್ಯೂಟ್ ವೋಲ್ಟೇಜ್ (ಹೊರಗಿನಿಂದ ಕರೆಂಟ್ ಹರಿಸದಿರುವಾಗ ಕಾಣುವ ವೋಲ್ಟೇಜ್) ಒಂದು ಕಡೆ ನಿಂತ ಮೇಲೆ ಶುರು ಮಾಡಿದಿರಾ? ಇಂಪೀಡೆನ್ಸ್ (ಎಸಿ ಕರೆಂಟಿಗೆ ಸ್ಯಾಂಪಲ್ ಒಡ್ಡುವ ತಡೆ) ಮೊದಲು, ಟಾಫೆಲ್ ಕೊನೆಗೆ ಮಾಡಿದಿರಾ? ಟಾಫೆಲ್ ಸ್ಕ್ಯಾನ್ ಸ್ಯಾಂಪಲ್ ಅನ್ನೇ ಕೆಡಿಸುತ್ತದೆ, ಆಮೇಲೆ ಅಳೆದ ಇಂಪೀಡೆನ್ಸ್‌ಗೆ ಬೆಲೆ ಇಲ್ಲ.

ಹೋಲಿಕೆಗೆ ಇಟ್ಟ ಬರಿ ತಾಮ್ರ ಯಾವುದು ಎಂಬುದು ಇನ್ನೂ ಮುಖ್ಯ. ಅಂಗಡಿಯಿಂದ ಬಂದ ಫಾಯಿಲ್ ಅನ್ನು ಹಾಗೇ ಇಟ್ಟರೆ ಅದು ಸರಿಯಾದ ಜೋಡಿಯಲ್ಲ. ಗ್ರಾಫೀನ್ ಬೆಳೆದ ತಾಮ್ರ ಸುಮಾರು 1000 ಡಿಗ್ರಿ ಕಂಡಿದೆ. ಅದರ ಹರಳು ದೊಡ್ಡದಾಗಿದೆ, ಮೇಲಿನ ಹಳೆಯ ಆಕ್ಸೈಡ್ ಹೋಗಿದೆ. ಮೀಥೇನ್ ಒಂದನ್ನು ಬಿಟ್ಟು ಉಳಿದೆಲ್ಲ ಅದೇ ಕ್ರಮದಲ್ಲಿ ಕಾಯಿಸಿದ ತಾಮ್ರವನ್ನು ಪಕ್ಕದಲ್ಲಿಡಿ. ಆಗ ಕಾಣುವ ವ್ಯತ್ಯಾಸ ಗ್ರಾಫೀನ್‌ನದ್ದು.

ಇನ್ನು ಸರಾಸರಿಯ ಮೋಸ. ಉದಾಹರಣೆಗೆ, ಲೇಪ ಹಾಕಿದ ಮೇಲೆ ಒಟ್ಟು ಸವೆತದ ಕರೆಂಟ್ 7 ಪಟ್ಟು ಇಳಿಯಿತು ಎಂದಿಟ್ಟುಕೊಳ್ಳಿ. ಆದರೆ ಆ ಕರೆಂಟೆಲ್ಲ ಶೇಕಡಾ 1ರಷ್ಟು ಬಯಲಾದ ಜಾಗದಿಂದಲೇ ಬರುತ್ತಿದ್ದರೆ? ಆ ತೂತುಗಳಲ್ಲಿ ತಾಮ್ರ ಬರಿ ತಾಮ್ರಕ್ಕಿಂತ ಸುಮಾರು 14 ಪಟ್ಟು ವೇಗವಾಗಿ ಕರಗುತ್ತಿದೆ. ವರದಿಯಲ್ಲಿ ಅದು ಗೆಲುವು. ಫಾಯಿಲ್‌ನಲ್ಲಿ ಅದು ತೂತು. ಕರೆಂಟ್ ಅಂಕಿಯ ಜೊತೆಗೆ ಪರೀಕ್ಷೆಯ ನಂತರದ ಮೇಲ್ಮೈ ಚಿತ್ರ ಇಲ್ಲದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಅಸಲಿ ಅಪರಾಧಿ: ಗ್ರಾಫೀನ್‌ನಲ್ಲಿ ಹರಿಯುವ ವಿದ್ಯುತ್

ಸಣ್ಣ ತೂತು ಎಲ್ಲ ಲೇಪದಲ್ಲೂ ಇರುತ್ತದೆ. ಪೇಂಟ್‌ನಲ್ಲೂ ಇರುತ್ತದೆ. ಗ್ರಾಫೀನ್‌ನಲ್ಲಿ ಮಾತ್ರ ಆ ತೂತು ಇಷ್ಟು ಕೆಟ್ಟದಾಗುವುದು ಏಕೆ?

ಬರಿ ತಾಮ್ರ ಗಾಳಿಗೆ ಸಿಕ್ಕರೆ ಕೆಲವು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಕಟ್ಟುತ್ತದೆ. ಆ ಪದರವೇ ಮುಂದಿನ ಸವೆತವನ್ನು ನಿಧಾನ ಮಾಡುತ್ತದೆ. ಎಲೆಕ್ಟ್ರಾನ್ ಅದನ್ನು ದಾಟಿ ಹೊರಗಿನ ಆಕ್ಸಿಜನ್ ತಲುಪುವುದು ಕಷ್ಟ. ಪಕ್ಕದಲ್ಲಿ ಗ್ರಾಫೀನ್ ಇದ್ದರೆ ಎಲೆಕ್ಟ್ರಾನ್‌ಗೆ ಸರಾಗ ದಾರಿ ಸಿಗುತ್ತದೆ. ಗ್ರಾಫೀನ್ ಒಳ್ಳೆಯ ವಾಹಕ. ಗ್ಯಾಲ್ವಾನಿಕ್ ಸರಣಿಯಲ್ಲಿ, ಅಂದರೆ ಸುಲಭಕ್ಕೆ ಸವೆಯದ ವಸ್ತುಗಳಿಂದ ಬೇಗ ಸವೆಯುವವುಗಳವರೆಗಿನ ಪಟ್ಟಿಯಲ್ಲಿ, ಗ್ರಾಫೈಟ್ ಇರುವುದು ಪ್ಲಾಟಿನಂ, ಚಿನ್ನಗಳ ಸಾಲಿನಲ್ಲಿ, ತಾಮ್ರ ಅದಕ್ಕಿಂತ ಎಷ್ಟೋ ಕೆಳಗೆ. ಮೇಲ್ಮೈ ಮೇಲೆ ತೇವದ ಒಂದು ಪೊರೆ ಕೂತರೆ ಬ್ಯಾಟರಿ ಸಿದ್ಧ. ತೂತಿನಲ್ಲಿ ಕಾಣುವ ತಾಮ್ರ ಆನೋಡ್ (ಕರಗುವ ತುದಿ), ಸುತ್ತಲಿನ ಇಡೀ ಗ್ರಾಫೀನ್ ಕ್ಯಾಥೋಡ್ (ಎಲೆಕ್ಟ್ರಾನ್ ಆಕ್ಸಿಜನ್ ಸೇರುವ ತುದಿ). ಆನೋಡ್ ಚಿಕ್ಕದು, ಕ್ಯಾಥೋಡ್ ಬಹಳ ದೊಡ್ಡದು. ಸವೆತದ ಎಂಜಿನಿಯರ್‌ಗಳು ಎಲ್ಲಕ್ಕಿಂತ ಹೆಚ್ಚು ಹೆದರುವ ಜೋಡಿ ಇದು. ಮುಚ್ಚಿದ ಜಾಗ ಜಾಸ್ತಿಯಾದಷ್ಟೂ ಉಳಿದ ತೂತಿನ ಮೇಲೆ ಬೀಳುವ ಹೊರೆಯೂ ಜಾಸ್ತಿ.

ಇದೇ ಕಾರಣವೋ ಅಲ್ಲವೋ ಎಂದು ಖಚಿತಪಡಿಸಲು ಗೀರಿನ ಪರೀಕ್ಷೆ ಮಾಡಿ. ಗ್ರಾಫೀನ್ ಹೊದ್ದ ತಾಮ್ರದ ಮೇಲೆ ಚೂಪಾದ ಸೂಜಿಯಿಂದ ಒಂದು ಗೀರು ಎಳೆಯಿರಿ. ವಿದ್ಯುತ್ ಹರಿಸದ ಲೇಪ, ಅಂದರೆ ಬೋರಾನ್ ನೈಟ್ರೈಡ್ ಅಥವಾ ತೆಳುವಾದ ಲ್ಯಾಕರ್ ಇರುವ ತಾಮ್ರದ ಮೇಲೂ ಅಂಥದ್ದೇ ಗೀರು ಎಳೆಯಿರಿ. ಎರಡನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ತೇವದಲ್ಲಿ ಇಡಿ. ಅದೇ ಜಾಗದ ಚಿತ್ರವನ್ನು ಮೊದಲ ದಿನ, ವಾರ ಕಳೆದು, ತಿಂಗಳು ಕಳೆದು ತೆಗೆಯಿರಿ. ಎರಡರಲ್ಲೂ ಗೀರಿನೊಳಗೆ ಕಿಲುಬು ಬರುತ್ತದೆ. ಗ್ರಾಫೀನ್ ಕಡೆ ಅದು ಗೀರು ದಾಟಿ ಎರಡೂ ಪಕ್ಕಕ್ಕೆ ಹಬ್ಬುತ್ತಿದ್ದರೆ, ಇನ್ನೊಂದರಲ್ಲಿ ಅಷ್ಟು ಹಬ್ಬದಿದ್ದರೆ, ಕಾರಣ ಸಿಕ್ಕಿತು. ನೇರವಾಗಿ ಅಳೆಯಬೇಕು ಅನ್ನುವವರು ಗಾಜಿನ ಮೇಲೆ ವರ್ಗಾಯಿಸಿದ ಗ್ರಾಫೀನ್ ಮತ್ತು ಬರಿ ತಾಮ್ರವನ್ನು ಒಂದೇ ದ್ರಾವಣದಲ್ಲಿಟ್ಟು, ಎರಡರ ನಡುವೆ ಜೀರೋ ರೆಸಿಸ್ಟೆನ್ಸ್ ಆಮ್ಮೀಟರ್ (ತಾನು ತಡೆ ಒಡ್ಡದೆ ಕರೆಂಟ್ ಅಳೆಯುವ ಮೀಟರ್) ಜೋಡಿಸಬಹುದು. ಕರೆಂಟ್ ಹರಿದರೆ ಬೇರೆ ಸಾಕ್ಷಿ ಬೇಡ.

ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಸ್ಯಾಂಪಲ್ ಅನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟರೂ ಈ ಬ್ಯಾಟರಿ ಓಡುತ್ತದೆ. ತೇವವೂ ಇದೆ, ಕಡಲಿನ ಉಪ್ಪೂ ಇದೆ. ಅಲ್ಲಿನ ಲ್ಯಾಬ್‌ನವರು ಇಟ್ಟ ಜಾಗದ ತೇವಾಂಶವನ್ನು ದಾಖಲೆಯಲ್ಲಿ ಬರೆದಿಡಲೇಬೇಕು. ಇಲ್ಲದಿದ್ದರೆ ಒಳನಾಡಿನ ಲ್ಯಾಬ್‌ನ ಫಲಿತಾಂಶದ ಜೊತೆ ಹೋಲಿಸಲು ಬರುವುದಿಲ್ಲ.

ಕಾರಣ ಸಿಕ್ಕ ಮೇಲೆ

ಚುಕ್ಕೆ ತೂತುಗಳಷ್ಟೇ ತೊಂದರೆಯಾಗಿದ್ದರೆ ಅವನ್ನು ಮುಚ್ಚಬಹುದು. ಎಎಲ್‌ಡಿ (ಒಂದೊಂದೇ ಪರಮಾಣು ಪದರ ಕೂರಿಸುವ) ವಿಧಾನದಲ್ಲಿ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹಾಕಿದರೆ ಅದು ಸ್ವಚ್ಛ ಗ್ರಾಫೀನ್ ಮೇಲೆ ಸುಲಭವಾಗಿ ಕೂರುವುದಿಲ್ಲ, ದೋಷ ಇರುವ ಕಡೆಯೇ ಹುಡುಕಿ ಕೂರುತ್ತದೆ. ಇಲ್ಲಿ ಅದೇ ನಮಗೆ ಅನುಕೂಲ. ಒಂದರ ಮೇಲೊಂದು ಪದರ ವರ್ಗಾಯಿಸಿದರೆ ಒಂದರ ತೂತಿನ ಮೇಲೆ ಇನ್ನೊಂದರ ಗಟ್ಟಿ ಜಾಗ ಬರುವ ಸಂಭವ ಹೆಚ್ಚು. ಆದರೆ ಉಳಿದ ತೂತಿನಲ್ಲಿ ಬ್ಯಾಟರಿ ಹಾಗೇ ಇರುತ್ತದೆ, ಪದರ ಹೆಚ್ಚಿಸಿದ್ದರಿಂದ ಅದು ನಿಲ್ಲುವುದಿಲ್ಲ.

ಗ್ಯಾಲ್ವಾನಿಕ್ ಕಾರಣ ಎಂದು ಗೊತ್ತಾದರೆ ವಸ್ತುವನ್ನೇ ಬದಲಿಸಿ. ಷಟ್ಕೋನ ಬೋರಾನ್ ನೈಟ್ರೈಡ್ ಗ್ರಾಫೀನ್‌ನಷ್ಟೇ ತೆಳು, ಆದರೆ ವಿದ್ಯುತ್ ಹರಿಸುವುದಿಲ್ಲ. 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಇದರ ಕೆಲವೇ ಪದರಗಳಿಂದ ನಿಕ್ಕಲ್ ಅನ್ನು 1100 ಡಿಗ್ರಿಯವರೆಗೆ ಆಕ್ಸಿಡೀಕರಣದಿಂದ ಕಾಪಾಡಿ ತೋರಿಸಿದರು. ತೂತು ಇದರಲ್ಲೂ ಇರುತ್ತದೆ. ಆದರೆ ತೂತು ತೂತಾಗಿಯೇ ಉಳಿಯುತ್ತದೆ.

ಕೆಲಸ ಕೆಲವು ದಿನದ್ದಾಗಿದ್ದರೆ, ಅಂದರೆ ತಾಮ್ರವನ್ನು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಒಣಗಿದ ಸ್ಥಿತಿಯಲ್ಲಿ ಸಾಗಿಸಬೇಕಿದ್ದರೆ, ಒಂದು ಪದರ ಗ್ರಾಫೀನ್ ಧಾರಾಳವಾಗಿ ಸಾಕು. ಉಪ್ಪುನೀರಿನಲ್ಲಿ ಮುಳುಗುವ ಭಾಗಕ್ಕೆ ಅದನ್ನು ಒಂದೇ ಹಾಕಲು ನಾನು ಯಾರಿಗೂ ಹೇಳುವುದಿಲ್ಲ. ತಾಮ್ರದ ಹಳೆಯ ವಸ್ತುಗಳನ್ನು ಕಾಪಾಡುವುದಕ್ಕೆ ಬೆಂಝೋಟ್ರಯಾಜೋಲ್ ಎಂಬ ಅಗ್ಗದ ರಾಸಾಯನಿಕ ದಶಕಗಳಿಂದ ಬಳಕೆಯಲ್ಲಿದೆ. ಹೊಸ ಲೇಪವನ್ನು ಬರಿ ತಾಮ್ರದ ಜೊತೆ ಮಾತ್ರ ಹೋಲಿಸದೆ ಅದರ ಜೊತೆಗೂ ಹೋಲಿಸಿ.

ಉಕ್ಕಿನ ಮೇಲಾದರೆ

ಉಕ್ಕಿನ ಮೇಲೆ ನೇರವಾಗಿ ಬೆಳೆಸುವುದು ಕಷ್ಟ. ಬಿಸಿಯಲ್ಲಿ ಕಬ್ಬಿಣ ಇಂಗಾಲವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಕಾರ್ಬೈಡ್ ಆಗುತ್ತದೆ. ಹಾಗಾಗಿ ಹೆಚ್ಚಿನವರು ತಾಮ್ರದ ಮೇಲೆ ಬೆಳೆದದ್ದನ್ನು ಪಿಎಂಎಂಎ ಪ್ಲಾಸ್ಟಿಕ್ ಸಹಾಯದಿಂದ ಎತ್ತಿ ಕೂರಿಸುತ್ತಾರೆ. ಇಂಥ ಸ್ಯಾಂಪಲ್ ಬೇಗ ತುಕ್ಕು ಹಿಡಿದರೆ ಮೊದಲು ಅನುಮಾನಿಸಬೇಕಾದ್ದು ವರ್ಗಾವಣೆಯನ್ನು. ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್ ಬಳಸಿದ್ದೀರಾ? ಸರಿಯಾಗಿ ತೊಳೆಯದಿದ್ದರೆ ಕ್ಲೋರೈಡ್ ಹಾಳೆಯ ಅಡಿಯಲ್ಲೇ ಉಳಿಯುತ್ತದೆ. ಅಡಿಯಲ್ಲಿ ಸಿಕ್ಕಿಬಿದ್ದ ನೀರಿನ ಜೊತೆ ಸೇರಿ ಒಳಗಿನಿಂದಲೇ ತುಕ್ಕು ಶುರುಮಾಡುತ್ತದೆ. ಎಕ್ಸ್‌ಪಿಎಸ್ (ಎಕ್ಸ್-ರೇ ಹಾಯಿಸಿ ಮೇಲ್ಮೈಯ ಮೂಲವಸ್ತುಗಳನ್ನು ಗುರುತಿಸುವ ಪರೀಕ್ಷೆ) ಮಾಡಿಸಿದಾಗ 198ರಿಂದ 200 ಎಲೆಕ್ಟ್ರಾನ್ ವೋಲ್ಟ್ ಸುತ್ತ ಕ್ಲೋರಿನ್ ಕಂಡರೆ ಅನುಮಾನ ನಿಜ. ಅಮೋನಿಯಂ ಪರ್ಸಲ್ಫೇಟ್‌ಗೆ ಬದಲಾಯಿಸಿ, ಶುದ್ಧ ನೀರನ್ನು ಹಲವು ಸಲ ಬದಲಿಸಿ ತೊಳೆಯಿರಿ. ಕೂರಿಸಿದ ಮೇಲೆ ನಿರ್ವಾತದಲ್ಲಿ ಮೆಲ್ಲಗೆ ಬಿಸಿ ಮಾಡಿ ನೀರು ಹೊರಹಾಕಿ. ಇಷ್ಟಾದ ಮೇಲೂ ತುಕ್ಕು ಹಬ್ಬುತ್ತಿದ್ದರೆ ಗೀರಿನ ಪರೀಕ್ಷೆಗೆ ಹೋಗಿ. ಕಬ್ಬಿಣ ತಾಮ್ರಕ್ಕಿಂತಲೂ ಸುಲಭವಾಗಿ ಕರಗುವ ಲೋಹ, ಹಾಗಾಗಿ ಗ್ರಾಫೀನ್ ಜೊತೆಗಿನ ಬ್ಯಾಟರಿ ಇಲ್ಲಿ ಇನ್ನೂ ಬಲವಾಗಿರುತ್ತದೆ.

ಎಪಾಕ್ಸಿ ಪೇಂಟ್‌ನಲ್ಲಿ ಗ್ರಾಫೀನ್ ಪುಡಿ ಬೆರೆಸಿದವರಿಗೆ ಬೇರೆ ಪ್ರಶ್ನೆ. ಪುಡಿಯ ತೆಳು ಚಕ್ಕೆಗಳು ನೀರಿನ ದಾರಿಯನ್ನು ಉದ್ದ ಮಾಡುತ್ತವೆ, ಅದು ಲಾಭ. ಪ್ರಮಾಣ ಜಾಸ್ತಿಯಾಗಿ ಚಕ್ಕೆಗಳು ಒಂದನ್ನೊಂದು ಮುಟ್ಟಿದರೆ ಪೇಂಟೇ ವಾಹಕವಾಗುತ್ತದೆ. ಒಣಗಿದ ಪೇಂಟಿನ ರೋಧವನ್ನು ಅಳೆಯಿರಿ. ಪುಡಿ ಇಲ್ಲದ ಅದೇ ಪೇಂಟಿಗಿಂತ ಅದು ಬಹಳ ಇಳಿದಿದ್ದರೆ ಪುಡಿ ಕಡಿಮೆ ಮಾಡಿ, ಅಥವಾ ಲೋಹಕ್ಕೆ ತಾಗುವ ಮೊದಲ ಕೋಟ್ ಅನ್ನು ಪುಡಿ ಇಲ್ಲದೆ ಹಚ್ಚಿ.